ಪೀಠದಡಿಯ ಲೇಪ

ಕಂತು ಹನ್ನೊಂದು

“ಸಬ್ಬಲ್ ಕೆಳಗಿಡ್ರಿ!”

ಶಿಲಾದೀಪ್ತಿ ಕಂಪನಿಯ ವಕೀಲ ಶ್ರೀಕಾಂತ ದೇಶಮುಖರು ಕೂಗಿದ ರಭಸಕ್ಕೆ ಬುದ್ಧವಿಹಾರದ ಕಿಟಕಿಯ ಮೇಲೆ ಕುಳಿತಿದ್ದ ಪಾರಿವಾಳಗಳು ಪಟಪಟನೆ ಹಾರಿಹೋದವು. ಪೀಠದ ಬುಡಕ್ಕೆ ಕಬ್ಬಿಣದ ಹಾರೆ ಹಚ್ಚಲು ಬಗ್ಗಿದ್ದ ಇಬ್ಬರು ಕಲ್ಲುಕೆಲಸದವರು ತಲೆಯೆತ್ತಿ ನೋಡಿದರು. ಅವರು ನೋಡಿದ್ದು ದೇಶಮುಖರನ್ನಲ್ಲ, ದಾನೇಶ್ವರಿಯನ್ನು.

ದಾನೇಶ್ವರಿ ಅಲುಗಲಿಲ್ಲ. ರಸಾಯನಶಾಸ್ತ್ರ ಓದಿ, ಆಮೇಲೆ ಕಾನೂನು ಓದಿ, ಸೇಡಂನ ತಹಸೀಲ್ ಕಚೇರಿಯ ಎದುರಿನ ಇಕ್ಕಟ್ಟಾದ ಕೋಣೆಯಲ್ಲಿ ಪೇಟೆಂಟ್ ಮೊಕದ್ದಮೆಗಳನ್ನು ನಡೆಸುವ ವಕೀಲೆ ಅವಳು. ಹೊಸದೆಂದು ಹೇಳಿಕೊಂಡು ಬಂದದ್ದು ನಿಜಕ್ಕೂ ಹೊಸದೇ ಎಂದು ಪತ್ತೆಹಚ್ಚುವುದು ಅವಳ ಕಸುಬು. ಆ ಕಸುಬಿನಲ್ಲಿ ಕೂಗಾಟಕ್ಕೆ ಬೆಲೆಯಿಲ್ಲ.

ಅವಳ ಕಕ್ಷಿದಾರರಾದ, ಭಂಕೂರಿನ ಕಲ್ಲು ಪಾಲಿಶ್ ಮಾಡುವ ಹೆಂಗಸರು ಕಂಪನಿಯ ಪೇಟೆಂಟಿಗೆ ಎತ್ತಿದ ಆಕ್ಷೇಪವನ್ನು ಪುರಾವೆ ಸಾಲದೆಂದು ಪೇಟೆಂಟ್ ಕಚೇರಿ ತಿರಸ್ಕರಿಸಿತ್ತು. ಮೇಲ್ಮನವಿಯಲ್ಲಿ ಉಚ್ಚ ನ್ಯಾಯಾಲಯ ಕೊಟ್ಟದ್ದು ಒಂದೇ ಅವಕಾಶ: ತಾನು ನೇಮಿಸಿದ ಆಯುಕ್ತರ ಎದುರಿನಲ್ಲಿ ಈ ವಿಹಾರದ ನೆಲವನ್ನು ಪರೀಕ್ಷಿಸುವುದು.

ನೆಲ ಶಹಾಬಾದ ಕಲ್ಲಿನದು. ಅದರ ಮೇಲೆ ಕಣ್ಣಿಗೆ ಕಾಣುವಂತೆ ಹೊಳೆಯುತ್ತಿದ್ದುದು ಒಂದು ಲೇಪ. ರಾಳ, ಕಲ್ಲು ಪಾಲಿಶ್ ಮಾಡುವಾಗ ಹರಿದುಹೋಗುವ ನುಣುಪಾದ ಕೆಸರು, ಕಾಯಿಸಿದ ಅಗಸೆ ಎಣ್ಣೆ ಈ ಮೂರೂ ಹದವಾಗಿ ಬೆರೆತು ಗಟ್ಟಿಯಾದ ಪಾಲಿಮರ್ ಪದರ. ನೀರು ಇಳಿಯದು, ಬಿರುಕು ಬಿಡದು. ಈ ಬೆರಕೆ ತನ್ನದೇ ಶೋಧವೆಂದು ವಾಡಿಯ ಶಿಲಾದೀಪ್ತಿ ಕಂಪನಿ ಎರಡು ಸಾವಿರದ ಹದಿನಾರರಲ್ಲಿ ಅರ್ಜಿ ಹಾಕಿ ಪೇಟೆಂಟ್ ಪಡೆದಿತ್ತು. ಅದಕ್ಕೂ ಮೊದಲೇ ಇದೇ ಲೇಪವನ್ನು ಊರವರ ಕಣ್ಣೆದುರು ಈ ನೆಲಕ್ಕೆ ಹಾಕಿದ್ದೆವೆಂಬುದು ಹೆಂಗಸರ ವಾದ.

ವಾದ ನಿಂತರೆ ಪೇಟೆಂಟ್ ಬೀಳುತ್ತದೆ. ವಾದವೇ ಬಿದ್ದರೆ, ಕಂಪನಿ ಬೀಗ ಹಾಕಿಸಿದ ಹೆಂಗಸರ ಲೇಪದ ಶೆಡ್ ಮತ್ತೆ ತೆರೆಯುವುದಿಲ್ಲ. ಅವರು ಮತ್ತೆ ತಲೆಯ ಮೇಲೆ ಬುಟ್ಟಿ ಹೊತ್ತು ಗಣಿಗೆ ಇಳಿಯಬೇಕು.

“ಸಾಹೇಬ್ರ, ಇದು ಪೂಜಾ ಮಾಡೋ ಜಾಗ,” ಎಂದರು ದೇಶಮುಖರು, ಆಯುಕ್ತರತ್ತ ತಿರುಗಿ. “ನಾಳೆ ಊರಾಗ ಗಲಾಟಿ ಆದ್ರ ಜವಾಬ್ದಾರಿ ಯಾರು?”

ವಿಹಾರ ಸಮಿತಿಯ ಅಧ್ಯಕ್ಷ ರತ್ನದೀಪ ಮುಂದೆ ಬಂದ. ಶಾಲೆಯ ಮಾಸ್ತರ, ದನಿ ಏರಿಸದೆಯೇ ಹಿಂದಿನ ಬೆಂಚಿಗೂ ಕೇಳಿಸುವ ಅಭ್ಯಾಸ ಅವನಿಗಿತ್ತು.

“ಗಲಾಟಿ ಮಾಡೋ ಊರು ನಾವೇ ಅಲ್ಲೇನ್ರಿ? ನಾವ ಮಾಡಂಗಿಲ್ಲ ಅಂದ ಮ್ಯಾಲ ಗಲಾಟಿ ಮಾಡ್ಲಿಕ್ಕೆ ನೀವು ಕಲಬುರಗಿಂದ ಮಂದಿ ತರ್ತೀರೇನು?”

ಬಾಗಿಲಲ್ಲಿ ನೆರೆದಿದ್ದವರು ನಕ್ಕರು.

“ನಂಬೂಕಿಂತ ಮೊದಲ ನೀವೇ ಪರೀಕ್ಷಾ ಮಾಡಿ ನೋಡ್ರಿ ಅಂತ ಹೇಳಿದಾಂವ ಬುದ್ಧ,” ಎಂದ ರತ್ನದೀಪ. “ಅವನ ಪೀಠ ಎತ್ತಿ ಪರೀಕ್ಷಾ ಮಾಡಿದ್ರ ಅಂವ ಸಿಟ್ಟಾಗಂಗಿಲ್ಲ. ಸಿಟ್ಟಾಗೋರು ಬ್ಯಾರೆ ಅದಾರ.”

ಆಯುಕ್ತ ಕಲ್ಯಾಣಪ್ಪನವರು ಚಿತ್ತಾಪುರದ ನಿವೃತ್ತ ನ್ಯಾಯಾಧೀಶರು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರೂ ನ್ಯಾಯಪೀಠದ ಮೇಲೆ ಕುಳಿತಂತೆಯೇ ಬೆನ್ನು ನೇರವಾಗಿತ್ತು.

“ಮೂರ್ತಿ ಆಗಲೇ ಇಳಿಸ್ಯಾರ. ಸಮಿತಿಯವರು ನನ್ನ ಮುಂದ ಒಪ್ಪಿಗಿ ಕೊಟ್ಟಾರ. ದೇಶಮುಖರ, ನಿಮ್ಮ ಆಕ್ಷೇಪಣಿ ಬರಕೊಂಡೀನಿ, ತಳ್ಳಿಹಾಕೀನಿ. ಮುಂದ ನಡೀರಿ.”

ಗೋಡೆಯ ಬದಿಗೆ ಹಾಸಿದ ಬಿಳಿಬಟ್ಟೆಯ ಮೇಲೆ ಬುದ್ಧನ ಮೂರ್ತಿ ಎಂದಿನ ಮುಖದಿಂದಲೇ ಕುಳಿತಿತ್ತು. ಖಾಲಿಯಾದ ಪೀಠವನ್ನು ನಡುವಿಟ್ಟು ಮೂರು ಕಾಲಿನ ಎತ್ತುಗಂಬ ನಿಲ್ಲಿಸಿ ಸರಪಳಿ ಇಳಿಬಿಟ್ಟಿದ್ದರು. ಕಲ್ಲುಕೆಲಸದವರು ಮತ್ತೆ ಬಗ್ಗಿದರು.

“ತಡೀರಿ,” ಎಂದಳು ದಾನೇಶ್ವರಿ.

ಈ ಸಲ ತಡೆದವಳು ಅವಳೇ ಎಂದು ಎಲ್ಲರೂ ತಿರುಗಿ ನೋಡಿದರು. ಪೀರಮ್ಮನ ಮುಖದಲ್ಲಿ ಮಾತ್ರ ಅಚ್ಚರಿಯಿರಲಿಲ್ಲ. ಉಸಿರು ಬಿಟ್ಟ ನೆಮ್ಮದಿಯಿತ್ತು. ಅದು ದಾನೇಶ್ವರಿಯ ಕಣ್ಣಿಗೆ ಬಿತ್ತು. ಬಿದ್ದದ್ದು ಮನಸ್ಸಿನಲ್ಲಿ ಉಳಿಯಿತು.

ಪೀರಮ್ಮ ಹೆಂಗಸರ ಸಂಘದ ಮುಖ್ಯಸ್ಥೆ. ಶೆಡ್ಡಿಗೆ ಬೀಗ ಹಾಕಲು ಬಂದವರ ಎದುರು ಹೊಸ್ತಿಲಲ್ಲಿ ಕುಳಿತು, ಎತ್ತಿ ಒಯ್ಯುವವರೆಗೂ ಕದಲದವಳು. ಮೊಕದ್ದಮೆಯುದ್ದಕ್ಕೂ ಒಂದು ಹೆಜ್ಜೆಯನ್ನೂ ಹಿಂದಿಟ್ಟವಳಲ್ಲ. ಅಂಥವಳು, ಪೀಠ ಎತ್ತಿಸೋಣವೆಂದು ದಾನೇಶ್ವರಿ ಹೇಳಿದ ದಿನ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ಅದು ಬಿಟ್ಟು ಬ್ಯಾರೆ ಹಾದಿ ಇಲ್ಲೇನ್ರಿ ವಕೀಲಮ್ಮ?” ಎಂದು ಕೇಳಿದ್ದಳು.

ಇರಲಿಲ್ಲ. ದಾನೇಶ್ವರಿ ಎಲ್ಲವನ್ನೂ ತೂಗಿ ನೋಡಿದ್ದಳು.

ಬಾಗಿಲ ಬಳಿಯ ಹಾಸುಗಲ್ಲಿನಲ್ಲಿ ದಾನ ಕೊಟ್ಟವನ ಹೆಸರೂ ಎರಡು ಸಾವಿರದ ಹದಿಮೂರೆಂಬ ಇಸವಿಯೂ ಕೆತ್ತಿದ್ದವು. ಲೇಪ ಆ ಅಕ್ಷರಗಳ ಗುಳಿಯೊಳಕ್ಕೂ ಇಳಿದಿತ್ತು. ಹೆಂಗಸರು ಅದನ್ನೇ ದೊಡ್ಡ ಪುರಾವೆಯೆಂದು ಬಗೆದಿದ್ದರು. ಆದರೆ ಕೆತ್ತನೆಯ ಮೇಲಿನ ಲೇಪ ಕೆತ್ತನೆಗಿಂತ ಈಚಿನದೆಂದಷ್ಟೇ ಅದರಿಂದ ಸಿದ್ಧವಾಗುತ್ತದೆ. ಎಷ್ಟು ಈಚಿನದು? ಮರುದಿನವೂ ಆಗಬಹುದು, ನಿನ್ನೆಯೂ ಆಗಬಹುದು. ಒಂದು ಸಂಖ್ಯೆ ಎಷ್ಟಕ್ಕಿಂತ ದೊಡ್ಡದೆಂದು ತಿಳಿದವನಿಗೆ ಆ ಸಂಖ್ಯೆ ಸಿಕ್ಕಿದಂತಾಗಲಿಲ್ಲ; ಅದು ಎಷ್ಟಕ್ಕಿಂತ ಚಿಕ್ಕದೆಂದೂ ತಿಳಿಯಬೇಕು. ಲೇಪದ ಕೆಳಗೆ ಏನಿದೆ ಎಂಬ ಪ್ರಶ್ನೆ ಮುಗಿದಿತ್ತು. ಲೇಪದ ಮೇಲೆ ಏನಿದೆ?

ಲೇಪದ ಮೇಲೆ ಬುದ್ಧನಿದ್ದ.

“ದೇಶಮುಖ ಸಾಹೇಬ್ರ, ನಿಮಗ ಎರಡು ಪ್ರಶ್ನೆ,” ಎಂದಳು. “ಈ ಪೀಠ ಇಲ್ಲಿ ಕುಂತದ್ದು ಯಾವಾಗ?”

“ಎರಡು ಸಾವಿರದ ಹದಿನಾಲ್ಕು, ಬುದ್ಧ ಪೂರ್ಣಿಮಾ. ಇಡೀ ಜಿಲ್ಲಾ ಬಂದಿತ್ತು. ಅದಕ್ಕ ನಮ್ಮ ತಕರಾರಿಲ್ಲ.”

“ಆಮ್ಯಾಲ ಯಾರರ ಎತ್ತಿದ್ದು ಅದ ಏನು?”

ದೇಶಮುಖರು ಮುಗುಳ್ನಕ್ಕರು. ಅವರ ವಾದದ ಅಡಿಪಾಯವೇ ಅದಾಗಿತ್ತು.

“ಎಂದೂ ಇಲ್ಲ. ಬುಡದ ಸಿಮೆಂಟ್ ಗೆರಿ ನೋಡ್ರಿ, ಒಂದು ಕೂದಲೆಳಿ ಬಿರುಕಿಲ್ಲ. ಅದಕ್ಕ ನಾವು ಹೇಳಾಕತ್ತೀವಿ: ಪೀಠದ ತೆಳಗ ಬರೇ ಕಲ್ಲು. ನಮ್ಮ ಮಾಲು ಬಜಾರಕ್ಕ ಬಂದ ಮ್ಯಾಲ ಈ ಹೆಣ್ಮಕ್ಕಳು ಅದನ್ನ ನೋಡಿ, ಕುಂತ ಪೀಠದ ಸುತ್ತಲೂ ಬಳದಾರ.”

“ಎಂದೂ ಎತ್ತಿಲ್ಲ. ಪಕ್ಕಾ ಏನ್ರಿ?”

“ಪಕ್ಕಾ.”

ಕಲ್ಯಾಣಪ್ಪನವರು ಕುರ್ಚಿಯಿಂದೆದ್ದು, ಮೊಣಕಾಲೂರಿ, ಟಾರ್ಚಿನ ಬೆಳಕಿನಲ್ಲಿ ಪೀಠದ ಬುಡವನ್ನು ನಾಲ್ಕೂ ಬದಿ ನೋಡಿದರು. ಎದ್ದು ಗುಮಾಸ್ತನಿಗೆ ಬರೆಯಿಸಿದರು: ಗೆರೆ ಅಖಂಡವಾಗಿದೆ, ಉಭಯ ಪಕ್ಷದವರೂ ಒಪ್ಪಿದ್ದಾರೆ.

ದೇಶಮುಖರು ಒಂದು ಬಾಗಿಲು ಮುಚ್ಚಿದ್ದರು. ತಾವೇ ಒಳಗಿದ್ದುಕೊಂಡು ಮುಚ್ಚಿದ್ದರೆಂಬುದು ಅವರಿಗೆ ಇನ್ನೂ ಹೊಳೆದಿರಲಿಲ್ಲ.

ದಾನೇಶ್ವರಿ ಕಂಪನಿಯ ಪರವಾಗಿ ಬಂದಿದ್ದ ತಜ್ಞೆಯ ಕಡೆ ತಿರುಗಿದಳು. ಡಾಕ್ಟರ್ ನಾಜಿಯಾ ಪಾಲಿಮರ್ ವಿಜ್ಞಾನಿ. ಬೆಳಗಿನಿಂದ ನೆಲವನ್ನು ಭೂತಗನ್ನಡಿಯಲ್ಲಿ ನೋಡಿದ್ದು ಬಿಟ್ಟರೆ ಯಾರ ಮುಖವನ್ನೂ ನೋಡಿರಲಿಲ್ಲ.

“ಡಾಕ್ಟರ್, ಅಗಸಿ ಎಣ್ಣಿ ಕೂಡಿಸಿದ ಲೇಪ ಬೆಳಕಿನ್ಯಾಗ ಯಾವ ಬಣ್ಣ ಇರ್ತದ?”

“ತಿಳಿ ಇರ್ತದ. ಹಳದಿ ಹುಟ್ಟಿದ್ರೂ ಬೆಳಕು ಅದನ್ನ ತಿಂದುಬಿಡ್ತದ.”

“ಕತ್ತಲಾಗ ಇಟ್ರ?”

ನಾಜಿಯಾ ಉತ್ತರಿಸುವ ಮುಂಚೆ ಪೀಠವನ್ನೊಮ್ಮೆ ನೋಡಿದಳು, ದಾನೇಶ್ವರಿಯನ್ನೊಮ್ಮೆ ನೋಡಿದಳು. ಪ್ರಶ್ನೆ ಎಲ್ಲಿಗೆ ಹೊರಟಿದೆ ಎಂಬುದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಅರ್ಥವಾಗಿತ್ತು.

“ಹಳದಿ ಆಗ್ತದ.”

“ಒಂದೆರಡು ತಿಂಗಳದಾಗ?”

“ತಿಂಗಳದಾಗ ಒಂಚೂರು ಬಣ್ಣ ತಿರಗಬಹುದು. ಅರಿಶಿಣದಂಗ ಗಾಢ ಆಗಬೇಕಂದ್ರ ವರ್ಷಗಟ್ಟಲೆ ಕತ್ತಲು ಬೇಕು.”

“ಸಾಹೇಬ್ರ, ಇದು ಏನು ಅಡಗಿಮನಿ ಹರಟಿ?” ಎಂದರು ದೇಶಮುಖರು. “ಪ್ರಕರಣಕ್ಕ ಸಂಬಂಧ ಇಲ್ಲ.”

“ನನಗೂ ಇನ್ನಾ ತಿಳೀವಲ್ದು,” ಎಂದರು ಕಲ್ಯಾಣಪ್ಪನವರು. “ತಿಳೀಲಾರದ್ದನ್ನ ಬರಕೊಳ್ಳೂದು ಛಲೋ. ಬರಕೋ.”

ಈ ಸುಳಿವು ದಾನೇಶ್ವರಿಗೆ ಸಿಕ್ಕಿದ್ದು ಯಾವ ಪ್ರಯೋಗಾಲಯದಲ್ಲೂ ಅಲ್ಲ. ಸೇಡಂನ ಮನೆಯಲ್ಲಿ ತಾಯಿ ಗುರುಲಿಂಗಮ್ಮ ಪಡಸಾಲೆಯ ಕಪಾಟನ್ನು ಕಿಟಕಿಯ ಕಡೆಗೆ ಸರಿಸಬೇಕೆಂದು ಹಟ ಹಿಡಿದಿದ್ದಳು. ಸರಿಸಿದಾಗ ಎಣ್ಣೆಬಣ್ಣದ ಬಿಳಿ ಗೋಡೆಯ ಮೇಲೆ ಕಪಾಟಿನ ಆಕಾರದ್ದೇ ಒಂದು ಹಳದಿ ಚೌಕ ನಿಂತಿತ್ತು. “ಜಿಡ್ಡು ಕುಂತದ, ತಿಕ್ಕು,” ಎಂದಳು ತಾಯಿ. ದಾನೇಶ್ವರಿ ತಿಕ್ಕಲಿಲ್ಲ. ಚಹಾ ಆರುವವರೆಗೂ ಆ ಚೌಕದ ಎದುರು ನಿಂತಿದ್ದಳು.

“ಈಗ ಎತ್ತ್ರಿ,” ಎಂದಳು.

ಸಬ್ಬಲ್ಲಿನ ಮೊನೆ ಸಿಮೆಂಟ್ ಗೆರೆಯನ್ನು ಒಡೆಯಿತು. ಕಲ್ಲುಕೆಲಸದವರು ಬೆಣೆ ತುರುಕಿ, ಸರಪಳಿ ಸಿಕ್ಕಿಸಿ, ಕಪ್ಪಿಯನ್ನು ಜಗ್ಗಿದರು. ಸರಪಳಿ ಕಿರಗುಟ್ಟಿತು. ಪೀಠ ಮೊದಲು ಒಂದು ಮೂಲೆಯಿಂದ, ಆಮೇಲೆ ಅಷ್ಟೂ ಅಂಚಿನಿಂದ ನೆಲ ಬಿಟ್ಟಿತು. ಅದನ್ನು ತೂಗುತ್ತ ಬದಿಗೆ ಸರಿಸಿದರು.

ಎಲ್ಲರೂ ಬಗ್ಗಿ ನೋಡಿದರು.

ಸುತ್ತಲಿನ ನೆಲ ನೀರಿನಂತೆ ತಿಳಿಯಾಗಿ ಹೊಳೆಯುತ್ತಿತ್ತು. ನಡುವೆ ಪೀಠವಿದ್ದ ಜಾಗದಲ್ಲಿ, ಗೆರೆ ಕೊರೆದಂಥ ಅಂಚಿನೊಳಗೆ, ಅದೇ ಲೇಪ, ಅದೇ ಹೊಳಪು. ಬಣ್ಣ ಮಾತ್ರ ಹಸಿ ಅರಿಶಿನದ್ದು.

ನಾಜಿಯಾ ಚಪ್ಪಲಿ ಕಳಚಿ ಬಂದು ಮೊಣಕಾಲೂರಿದಳು. ಹಳದಿಯಿಂದ ತಿಳಿಗೆ ಬೆರಳಾಡಿಸಿದಳು. ಮಧ್ಯೆ ಎಲ್ಲೂ ಬೆರಳು ಎಡವಲಿಲ್ಲ.

“ಒಂದೇ ಪದರ,” ಎಂದಳು. “ಒಂದೇ ಸಲ ಹಾಕಿದ್ದು. ಪೀಠದ ತೆಳಗಿಂದ ಹೊರಗ ಹಂಗೇ ಬಂದದ. ಕತ್ತಲಾಗ ಇದ್ದ ಭಾಗ ಹಳದಿ ತಿರಗ್ಯದ.”

“ರಾತ್ರೋರಾತ್ರಿ ಎತ್ತಿ ಬಳದಾರ!” ಎಂದರು ದೇಶಮುಖರು.

“ಎಂದೂ ಎತ್ತಿಲ್ಲ ಅಂತ ಈಗಷ್ಟೇ ಬರಿಸಿದ್ದು ನೀವೇ ಅಲ್ಲೇನ್ರಿ?” ಎಂದರು ಕಲ್ಯಾಣಪ್ಪನವರು. ಮುಖದಲ್ಲಿ ನಗೆಯ ಸುಳಿವಿರಲಿಲ್ಲ.

“ಮತ್ತ ರಾತ್ರೋರಾತ್ರಿ ಈ ಬಣ್ಣ ಬರಂಗಿಲ್ಲ,” ಎಂದಳು ನಾಜಿಯಾ.

“ಡಾಕ್ಟರ್, ನೀವು ನಮ್ಮ ಕಡಿಯಿಂದ ಬಂದವ್ರು!”

“ಬಂದೀನಿ ಖರೆ. ನೀವು ನನ್ನ ಬುದ್ಧಿಗಿ ಫೀ ಕೊಟ್ಟೀರಿ ಸಾಹೇಬ್ರ, ಕಣ್ಣು ಮುಚ್ಚೂದಕ್ಕ ಕೊಟ್ಟಿಲ್ಲ. ತುಣುಕು ತೊಗೊಂಡು ಪ್ರಯೋಗಾಲಯಕ್ಕ ಕಳಸ್ರಿ. ಬೆರಕಿ ಅದೇ ಹೌದೋ ಅಲ್ಲೋ ಅಲ್ಲಿ ತಿಳೀತದ. ಆದ್ರ ಇದು ಪೀಠಕ್ಕಿಂತ ಮೊದಲಿಂದು. ಅದನ್ನ ನಾ ಇಲ್ಲೇ ಹೇಳ್ತೀನಿ.”

ಬಾಗಿಲಲ್ಲಿ ನಿಂತಿದ್ದ ಹೆಂಗಸರಿಗೆ ಅಷ್ಟೇ ಸಾಕಾಗಿತ್ತು. ಒಬ್ಬಳು ಸಿಳ್ಳೆ ಹಾಕಿದಳು. ಇನ್ನೊಬ್ಬಳು, ಮರೆಮ್ಮ ಎಂಬ ಎತ್ತರದ ದನಿಯವಳು, ದೇಶಮುಖರಿಗೆ ಕೇಳಿಸುವಂತೆಯೇ ಕೂಗಿದಳು:

“ಬುದ್ಧ ಬಂದು ಕುಂತ ಮ್ಯಾಲ ಅವನ ಮೂಗಿಗಿ ರಾಳದ ನಾತ ಹಿಡಿಸಬಾರ್ದು ಅಂತ ಮೊದಲ ನೆಲ ಮುಗಿಸಿದ್ವಿ ಅಂತ ಹೇಳಿ ಹೇಳಿ ನನ್ನ ಗಂಟಲು ಹರೀತು! ನಮ್ಮ ಕಡಿ ಮೊದಲ ನೆಲ, ಆಮ್ಯಾಲ ಪೀಠ. ವಕೀಲರ ಮನ್ಯಾಗ ಮೊದಲ ಪೀಠ ಇಟ್ಟು ಆಮ್ಯಾಲ ನೆಲ ತುರುಕ್ತಾರೇನೋ!”

“ಸುಮ್ನಿರವ್ವ ಮರೆಮ್ಮ,” ಎಂದ ರತ್ನದೀಪ, ನಗು ತಡೆಯಲಾರದೆ.

ಪೀರಮ್ಮ ನಗಲಿಲ್ಲ. ಅವಳ ದೃಷ್ಟಿ ಹಳದಿ ಚೌಕದ ಒಂದು ಮೂಲೆಯಲ್ಲಿ ನೆಟ್ಟಿತ್ತು.

ದಾನೇಶ್ವರಿ ಆ ದೃಷ್ಟಿಯನ್ನು ಹಿಂಬಾಲಿಸಿದಳು.

ಅಲ್ಲಿ ಕೈಗಳಿದ್ದವು. ಲೇಪ ಹಸಿಯಿದ್ದಾಗ ಒತ್ತಿದ ಅಂಗೈಗಳು, ರೇಖೆ ರೇಖೆಯೂ ಉಳಿದುಕೊಂಡವು. ಅದು ಹೊಸ ಸಂಗತಿಯೇನೂ ಆಗಿರಲಿಲ್ಲ. ಕಲ್ಲಿನ ಮೇಲೆ ದಾನಿಯ ಹೆಸರು ಬರುತ್ತದೆ, ಉದ್ಘಾಟಿಸಿದವರ ಹೆಸರು ಬರುತ್ತದೆ. ಮೈಬಗ್ಗಿಸಿ ತಿಕ್ಕಿದವರ ಹೆಸರು ಎಲ್ಲೂ ಬರುವುದಿಲ್ಲ. ಹಾಗೆಂದೇ ಭಂಕೂರಿನ ಪಾಲಿಶ್ ಕೆಲಸದ ಹೆಂಗಸರಲ್ಲಿ ಒಂದು ರೂಢಿ. ಮುಂದೆ ಮುಚ್ಚಿಹೋಗುವ ಜಾಗದಲ್ಲಿ ತಮ್ಮ ಕೈ ಒತ್ತಿಬಿಡುವುದು. ಯಾರಿಗೂ ಕಾಣದು. ಅಳಿಸಲೂ ಆಗದು.

ಈ ನೆಲ ಮಾಡಿದವರು ತಾವು ಆರು ಮಂದಿ, ಬೇರೆ ಯಾರೂ ಇರಲಿಲ್ಲ, ತಮ್ಮ ಆರೂ ಕೈ ಪೀಠದಡಿಯಲ್ಲಿವೆ ಎಂದು ಪೀರಮ್ಮ ಪ್ರಮಾಣ ಮಾಡಿ ಹೇಳಿದ್ದಳು.

“ಬರ್ರಿ, ಒಬ್ಬೊಬ್ಬರಾಗಿ ಬಂದು ನಿಮ್ಮ ನಿಮ್ಮ ಕೈ ತೋರಸ್ರಿ,” ಎಂದರು ಆಯುಕ್ತರು.

ಹೆಂಗಸರು ಬಂದರು. ಮರೆಮ್ಮ ಮೊದಲು ಕುಳಿತು ತನ್ನ ಅಚ್ಚಿನೊಳಗೆ ಅಂಗೈ ಇಟ್ಟಳು. ಬೆರಳಿನ ಗಂಟುಗಳು ದಪ್ಪವಾಗಿದ್ದರಿಂದ ಒತ್ತಿ ಕೂರಿಸಬೇಕಾಯಿತು. “ಆಗ ಕೈ ಭಾಳ ನಾಜೂಕಿತ್ತು ನೋಡವ್ವ ನಂದು,” ಎಂದು ತನಗೆ ತಾನೇ ಅಂದುಕೊಂಡಳು. ಮತ್ತೊಬ್ಬಳು ತನ್ನ ಕೈ ಯಾವುದೆಂದು ತಿಳಿಯದೆ ಎರಡರಲ್ಲಿ ಇಟ್ಟು ನೋಡಿದಳು. ಉಳಿದವರು ನಕ್ಕು, ಅವಳ ಮಣಿಕಟ್ಟು ಹಿಡಿದು ಸರಿಯಾದದ್ದರ ಮೇಲೆ ಇರಿಸಿದರು. ಕೊನೆಗೆ ಪೀರಮ್ಮ ಬಂದಳು. ಅವಳ ಕೈ ಸರಿಯಾಗಿ ಕೂತಿತು.

ಎಲ್ಲ ಹೆಂಗಸರೂ ಎದ್ದು ನಿಂತ ಮೇಲೆ ಒಂದು ಕೈ ಉಳಿಯಿತು.

ಮೂಲೆಯಲ್ಲಿ, ಉಳಿದವುಗಳಿಂದ ಒಂದಿಷ್ಟು ದೂರದಲ್ಲಿ, ಕರೆದದ್ದಕ್ಕೆ ಸಂಕೋಚದಿಂದ ಬಂದು ಒತ್ತಿದಂತಿತ್ತು. ಅಗಲವಾದ ಅಂಗೈ. ಗಂಡಸಿನದು. ಉಂಗುರದ ಬೆರಳು ನಡುವಿನ ಗಿಣ್ಣಿನಿಂದ ಮೇಲೆ ಇರಲಿಲ್ಲ.

ದೇಶಮುಖರು ಇಷ್ಟುಹೊತ್ತು ಕಳೆದುಕೊಂಡ ಬಣ್ಣವೆಲ್ಲ ಅವರ ಮುಖಕ್ಕೆ ಮರಳಿತು.

“ಪೀರಮ್ಮ, ಆರು ಮಂದಿ ಅಂತ ಪ್ರಮಾಣ ಮಾಡೀರಿ. ಇದು ಏಳನೇ ಕೈ. ಯಾರದು?”

ಪೀರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಕಲ್ಲು ಹೊರೋ ಕೂಲಿಯಾಂವ ಇದ್ದನೇನು? ಹೆಸರು ಹೇಳ್ರಿ. ಮರತೀರೇನು? ಮರತ್ರ ಮರತೀನಿ ಅಂತ ಬರಸ್ರಿ. ಸುಳ್ಳು ಪ್ರಮಾಣ ಮಾಡಿದವರ ಬಾಕಿ ಮಾತು ಕೋರ್ಟು ಎಷ್ಟು ನಂಬ್ತದ, ಅದನ್ನ ಆಮ್ಯಾಲ ನೋಡೋಣು.”

ಮರೆಮ್ಮ ಏನೋ ಹೇಳಲು ಹೋದಳು. ಪೀರಮ್ಮ ಅವಳ ಸೆರಗು ಜಗ್ಗಿದಳು.

ದಾನೇಶ್ವರಿಯ ಕಿವಿಗೆ ಇದಾವುದೂ ಬೀಳುತ್ತಿರಲಿಲ್ಲ. ಆ ಅರ್ಧ ಬೆರಳನ್ನು ಅವಳು ಬಲ್ಲಳು. ಚಿಂಚೋಳಿಯ ಹತ್ತಿರದ ಚಿಮ್ಮನಚೋಡದಲ್ಲಿ, ಸೋದರಮಾವನ ಮನೆಯಲ್ಲಿ, ದನದ ಮೇವಿನ ಕಣಿಕೆ ಕತ್ತರಿಸುವ ಯಂತ್ರದ ಚಕ್ರವನ್ನು ತಿರುಗಿಸಿದವಳು ಪುಟ್ಟ ತಂಗಿಯಾದ ಅವಳೇ. ಕಣಿಕೆ ನೂಕಿ ಬೆರಳು ಕಳೆದುಕೊಂಡವನು ಅಣ್ಣ. ತಂಗಿಯನ್ನು ಯಾರೂ ಬಯ್ಯಬಾರದೆಂದು, ಚಕ್ರ ತಾನೇ ತಿರುಗಿತೆಂದು ಅವನು ಕೊನೆಯವರೆಗೂ ಹೇಳಿದ. ಆಮೇಲೆ ಆ ಮೊಂಡು ಬೆರಳಿನಿಂದಲೇ ಅವಳ ತಲೆಯ ಮೇಲೆ ಕುಟ್ಟಿ ಲೆಕ್ಕ ಕಲಿಸಿದ.

ಅಣ್ಣ ಬಸವಲಿಂಗ ವಾಡಿಯಲ್ಲಿ, ಇದೇ ಶಿಲಾದೀಪ್ತಿಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. ಎರಡು ಸಾವಿರದ ಹದಿನಾಲ್ಕರ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಮೋಟಾರ್ ಸೈಕಲ್ಲೂ ಚಪ್ಪಲಿಗಳೂ ನೀರು ತುಂಬಿದ ಹಳೆಯ ಗಣಿಯೊಂದರ ದಂಡೆಯಲ್ಲಿ ಸಿಕ್ಕವು. ಶವ ಸಿಗಲಿಲ್ಲ. ಗಣಿಯ ಆಳ ಯಾರಿಗೂ ಗೊತ್ತಿಲ್ಲವೆಂದು ಪೊಲೀಸರು ಕೈಬಿಟ್ಟರು. ಮನೆಯವರು ಶವವಿಲ್ಲದೆಯೇ ಕ್ರಿಯೆ ಮುಗಿಸಿದರು.

ಆ ಗಣಿ ಇದೇ ವಿಹಾರದ ಹಿಂಬದಿಯಲ್ಲಿತ್ತು. ಬೆಳಗಿನಿಂದ ದಾನೇಶ್ವರಿ ಹಿಂಬದಿಯ ಕಿಟಕಿಗೆ ಬೆನ್ನು ಮಾಡಿಯೇ ನಿಂತಿದ್ದಳು.

ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕೈಗೆ ಹೆಸರಿರುವುದಿಲ್ಲ, ಯಾವನೋ ಕೂಲಿಯವನೆಂದು ಪೀರಮ್ಮ ಒಂದು ಮಾತು ಹೇಳಿದ್ದರೆ ಆಯುಕ್ತರು ಮುಂದಿನ ಸಾಲಿಗೆ ಹೋಗುತ್ತಿದ್ದರು. ಗೆದ್ದ ಬೆಳಗು ಗೆದ್ದಂತೆಯೇ ಉಳಿಯುತ್ತಿತ್ತು. ಆದರೆ ಎದುರಿನವರ ಸುಳ್ಳನ್ನು ಹುಡುಕಿ ತೆಗೆಯುವವಳು ತನ್ನ ಪಕ್ಷದ ಸುಳ್ಳಿನ ಮೇಲೆ ಪೀಠ ಇಟ್ಟು ಮುಚ್ಚಿದರೆ ಲೆಕ್ಕ ತಾಳೆಯಾಗುವುದಿಲ್ಲ.

“ಸಾಹೇಬ್ರ, ಬರಕೋರಿ,” ಎಂದಳು. ದನಿ ಅವಳೆಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು. “ಏಳನೇ ಕೈ ನನ್ನ ಅಣ್ಣಂದು. ಬಸವಲಿಂಗ. ಸೇಡಂದಾಂವ.”

ಗುಮಾಸ್ತನ ಪೆನ್ನು ನಿಂತಿತು.

“ಬರಕೋ,” ಎಂದರು ಕಲ್ಯಾಣಪ್ಪನವರು ಮೆಲ್ಲಗೆ.

ದೇಶಮುಖರು ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ಅವಸರವಿಲ್ಲದ ಮನುಷ್ಯ ಮಾಡುವ ಕೆಲಸ ಅದು.

“ಬಸವಲಿಂಗ ನಮ್ಮ ಕಂಪನಿಯ ನೌಕರ. ನಮ್ಮ ಪ್ರಯೋಗಾಲಯದಾಗ ಇದ್ದಾಂವ. ಇದನ್ನ ನೀವು ಮುಚ್ಚಿಟ್ಟೀರಿ.”

“ಮುಚ್ಚಿಟ್ಟಿಲ್ಲ. ನಾ ಕೊಟ್ಟ ಮೊದಲನೇ ಅರ್ಜಿಯೊಳಗ ಹೇಳೀನಿ, ನನ್ನ ಅಣ್ಣ ನಿಮ್ಮಲ್ಲಿ ಕೆಲಸಕ್ಕಿದ್ದ, ಈಗ ಇಲ್ಲ ಅಂತ. ಸತ್ತವರ ಹೆಸರು ನೀವು ಓದಂಗಿಲ್ಲ, ಅದಕ್ಕ ನಾ ಏನು ಮಾಡಲಿ?”

“ಓದ್ತೀನಿ, ಈಗ ಓದ್ತೀನಿ.” ದೇಶಮುಖರ ದನಿ ಬೆಣ್ಣೆಯಾಯಿತು. “ವಕೀಲಮ್ಮ, ಕಾನೂನು ನಿಮಗೂ ಗೊತ್ತದ. ನಮ್ಮ ಕಡಿಯಿಂದ ಕದ್ದ ಗುಟ್ಟನ್ನ ನಮ್ಮ ಒಪ್ಪಿಗಿ ಇಲ್ಲದಂಗ ಯಾರರ ಬಳಸಿ ಊರಿಗೆಲ್ಲ ತೋರಿಸಿದ್ರ, ಅದರಿಂದ ನಮ್ಮ ಪೇಟೆಂಟ್ ಸಾಯಂಗಿಲ್ಲ. ನಿಮ್ಮಣ್ಣ ನಮ್ಮ ಪ್ರಯೋಗಾಲಯದ ಬೆರಕಿ ಕದ್ದ. ತಂದು ಈ ಹೆಣ್ಮಕ್ಕಳಿಗಿ ಕೊಟ್ಟ. ಇಗೋ, ಇಲ್ಲೇ ಕೈ ಒತ್ತಿ ಕಬೂಲ್ ಮಾಡ್ಯಾನ. ನೀವು ಪೀಠ ಎತ್ತಿಸಿದ್ದು ನಮ್ಮ ಪುರಾವೆ ತೋರ್ಸಾಕ. ಶುಕ್ರಿಯಾ.”

ಹೆಂಗಸರ ಗುಂಪು ಕುದಿಯಿತು. “ಯಾರು ಕಳ್ಳರು? ಯಾರಿಗಿ ಕಳ್ಳರಂತೀರಿ?” ಎನ್ನುತ್ತ ಮರೆಮ್ಮ ಮುನ್ನುಗ್ಗಿದಳು. ರತ್ನದೀಪ ಅಡ್ಡ ನಿಂತ.

ದಾನೇಶ್ವರಿ ನಿಂತಲ್ಲೇ ನಿಂತಿದ್ದಳು.

“ಇಲ್ಲಿಂದ ಅಲ್ಲಿಗೆ ಹಾದಿ ಇದ್ರ ಅಲ್ಲಿಂದ ಇಲ್ಲಿಗೂ ಅದೇ ಹಾದಿ, ದೇಶಮುಖ ಸಾಹೇಬ್ರ. ಇವರ ಕಡಿಯಿಂದ ಕಲ್ತು, ನಿಮ್ಮ ಪ್ರಯೋಗಾಲಯಕ್ಕ ಒಯ್ದಾಂವ ಅವನೇ ಯಾಕ ಆಗಿರಬಾರ್ದು? ಕಲ್ಲಿನ ಕೆಸರು ಇವರ ಕಾಲಾಗ ಬಿದ್ದಿತ್ತು, ನಿಮ್ಮ ಕಂಪನಿಯೊಳಗ ಅಲ್ಲ. ಅಗಸಿ ಎಣ್ಣಿ ಇವರ ಮನ್ಯಾಗಿತ್ತು. ರಾಳದ ಡಬ್ಬಿ ಬಜಾರದಾಗ ಸಿಗ್ತದ. ನೀವು ಕಂಡುಹಿಡಿದದ್ದು ಏನು, ಅರ್ಜಿ ಬರೆಯೋದಾ?”

“ಭಾಷಣ ಛಲೋ ಅದ. ಪುರಾವೆ?”

“ಹುಡುಕ್ತೀನಿ.”

“ಎಲ್ಲಿ ಹುಡುಕ್ತೀರಿ?” ದೇಶಮುಖರು ಹಿಂಬದಿಯ ಕಿಟಕಿಯತ್ತ ಗಲ್ಲ ಎತ್ತಿ ತೋರಿಸಿದರು. ಅದರಾಚೆ ಗಣಿಯ ಹಸಿರು ನೀರು ಅಲುಗದೆ ಬಿದ್ದಿತ್ತು. “ಯಾರಿಂದ ಯಾರಿಗಿ ಹೋಯ್ತು ಅಂತ ಹೇಳ್ಳಿಕ್ಕೆ ಒಬ್ಬನೇ ಒಬ್ಬ ಮನುಷ್ಯ ಇದ್ದ. ಅವ ಅಲ್ಲಿ ಅದಾನ. ಸತ್ತವರನ್ನ ಎಬ್ಬಿಸಿ ಕಟಕಟೆಗಿ ತರ್ತೀರೇನು?”

ಕಲ್ಯಾಣಪ್ಪನವರು ಕುರ್ಚಿಯ ಕೈ ತಟ್ಟಿದರು. “ಮಾತು ಮೀರಾಕತ್ತೀರಿ, ದೇಶಮುಖರ.”

“ಕ್ಷಮಾ ಇರಲಿ,” ಎಂದರು ದೇಶಮುಖರು, ಕ್ಷಮೆಯ ಲವಲೇಶವೂ ಇಲ್ಲದ ದನಿಯಲ್ಲಿ.

ದಾನೇಶ್ವರಿ ಮೊದಲ ಸಲ ತಿರುಗಿ ಆ ಕಿಟಕಿಯ ಕಡೆ ಮುಖ ಮಾಡಿದಳು. ನೀರನ್ನು ನೇರವಾಗಿ ನೋಡಿದಳು. ಕಣ್ಣು ಕೆಳಗಿಳಿಸಲಿಲ್ಲ.

“ತರ್ತೀನಿ,” ಎಂದಳು. “ಆ ಗಣಿ ಬತ್ತಿಸಿ ತಳ ನೋಡಬೇಕಾದ್ರ ಬತ್ತಸ್ತೀನಿ. ನನ್ನಣ್ಣ ಕಳ್ಳ ಆಗಿದ್ರ ಕಳ್ಳ ಅಂತ ನಾನೇ ಬರಸ್ತೀನಿ. ಆಗಿರದಿದ್ರ, ಆ ಮಾತನ್ನ ನಿಮ್ಮ ಬಾಯಿಲೇ ವಾಪಸ್ ತಗೊಸ್ತೀನಿ. ಅಲ್ಲಿತನಕ ಈ ಹಳದಿಯ ಒಂದು ಚೂರೂ ಯಾರೂ ಮುಟ್ಟಬಾರ್ದು ಅಂತ ಆಜ್ಞಾ ಮಾಡ್ರಿ, ಸಾಹೇಬ್ರ.”

ಆಯುಕ್ತರು ತಲೆಯಾಡಿಸಿದರು. ಗುಮಾಸ್ತ ಅರಗಿನ ಮುದ್ರೆಗೆಂದು ಬತ್ತಿ ಹಚ್ಚಿದ. ದೇಶಮುಖರು ಚೀಲದ ಜಿಪ್ ಎಳೆದರು. ಅವರ ಪಾಲಿಗೆ ಈ ಬೆಳಗು ಮುಗಿದಿತ್ತು.

ಆಗ ಪೀರಮ್ಮ ಬಂದು ದಾನೇಶ್ವರಿಯ ಮಗ್ಗುಲಲ್ಲಿ ನಿಂತಳು. ಕೈಯಲ್ಲಿ ಇನ್ನೂ ಲೇಪದ ಧೂಳಿತ್ತು.

“ಗಣಿ ಬತ್ತಸೂದು ಬ್ಯಾಡ,” ಎಂದಳು ಅವಳಿಗೊಬ್ಬಳಿಗೇ ಕೇಳಿಸುವಂತೆ.

“ಪೀರಕ್ಕ, ನನ್ನ ಮುಂದ ಯಾಕ ಸುಳ್ಳು ಹೇಳಿದ್ರಿ?”

“ನಿಮ್ಮಣ್ಣ ಆಣಿ ಹಾಕಿಸ್ಕೊಂಡಿದ್ದ. ಪೀಠ ಏಳೂತನಕ ಬಾಯಿ ಬಿಡಬ್ಯಾಡ ಅಂದಿದ್ದ. ಇವತ್ತು ಪೀಠ ಎದ್ದದ.”

ದಾನೇಶ್ವರಿಗೆ ಎಂದೋ ಕೇಳಿ, ಉತ್ತರ ಸಿಗದೆ ಬಿಟ್ಟಿದ್ದ ಒಂದು ಪ್ರಶ್ನೆ ಥಟ್ಟನೆ ನೆನಪಾಯಿತು. ಶಹಾಬಾದದಲ್ಲಿ ವಕೀಲರಿದ್ದರು, ಕಲಬುರಗಿಯಲ್ಲಿ ದೊಡ್ಡ ದೊಡ್ಡ ವಕೀಲರಿದ್ದರು. ಅವರನ್ನೆಲ್ಲ ದಾಟಿ, ಹೆಸರುಫಲಕವೂ ನೆಟ್ಟಗಿಲ್ಲದ ತನ್ನ ಕೋಣೆಯನ್ನು ಹುಡುಕಿಕೊಂಡು ಈ ಹೆಂಗಸು ಸೇಡಂವರೆಗೆ ಬಂದದ್ದು ಯಾಕೆ? ಅಂದು ಪೀರಮ್ಮ “ನಿಮ್ಮ ಹೆಸರು ಕೇಳಿದ್ದೆ” ಎಂದಷ್ಟೇ ಹೇಳಿದ್ದಳು. ಯಾರ ಬಾಯಿಂದ ಎಂದು ದಾನೇಶ್ವರಿ ಕೇಳಿರಲಿಲ್ಲ.

ಈಗ ಕೇಳುವ ಮೊದಲೇ ಪೀರಮ್ಮನೇ ಆ ಅರ್ಧ ಬೆರಳಿನ ಅಚ್ಚನ್ನು ನೋಡುತ್ತ ಹೇಳಿದಳು:

“ಹೋದ ಶ್ರಾವಣದಾಗ ನಿನ್ನ ಹೆಸರು ಹೇಳಿ ನನಗ ಸೇಡಂಗ ಕಳಿಸಿದಾಂವ ಅವನೇ, ತಂಗಿ.”